ಪಕ್ಕದ ಸೀಟಿನ ಮಾವ

ನನ್ನ ಮಾವ ಬದುಕಿನ ಬಹುಭಾಗವನ್ನು ಕಾರಿನಲ್ಲೇ ಕಳೆದರು. ಆದರೆ ಸ್ಟೇರಿಂಗ್ ಹಿಡಿದದ್ದು ಕಡಿಮೆ. ಅವರ ಜಾಗ ಪಕ್ಕದ ಸೀಟು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಕಲಿಯುವವನು ಕಂಬಕ್ಕೋ ಗೋಡೆಗೋ ಗುದ್ದುವ ಮುನ್ನ ಈಚೆ ಕಡೆಯಿಂದ ಒಂದು ಕಾಲು ಬ್ರೇಕ್ ಒತ್ತಿಬಿಡುತ್ತದೆ. ಊರಿನ ಅರ್ಧ ಜನ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದರೆ ಅದು ತಮ್ಮ ಬಲಗಾಲಿನ ದಯೆ ಎಂದು ಮಾವನೇ ಹೇಳಿಕೊಳ್ಳುತ್ತಿದ್ದರು. ಉಳಿದರ್ಧ ಜನ ಹೇಗೆ ನೆಟ್ಟಗಿದ್ದಾರೆ ಎಂಬುದು ಅವರಿಗೆ ಬಿಡಿಸಲಾರದ ಒಗಟಾಗಿತ್ತು.

ಅವರಿಗೆ ಯಾರ ಬಗ್ಗೆಯೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನಡೆದು ಹೋಗುವವರು ಎಂದರೆ ರಸ್ತೆಯನ್ನು ತಮ್ಮ ಮನೆಯ ಪಡಸಾಲೆ ಅಂದುಕೊಂಡವರು. ಸೈಕಲ್ಲಿನವರು ನಡೆಯಲೂ ಬಾರದವರು. ಬಸ್ಸಿನ ಡ್ರೈವರು ತಮ್ಮ ಹತ್ತಿರ ಕಲಿಯದೆ ಕೆಟ್ಟವನು. ಲಾರಿಯವನನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸಿರಲಿಲ್ಲ. ಕಲಿಯಲು ಬಂದವರನ್ನಂತೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಅವರವರ ದೋಷವೇ ಅವರವರ ಹೆಸರು. ಒಬ್ಬ ವಕೀಲ ‘ಕ್ಲಚ್ಚು’, ಒಬ್ಬ ಹೆಡ್‌ಮಾಸ್ತರು ‘ಹಾರ್ನು’, ಬೇಕರಿಯ ಯಜಮಾನ ‘ಕುಲುಕಾಟ’. ಅವರೆಲ್ಲ ಲೈಸೆನ್ಸ್ ಪಡೆದು, ಸ್ವಂತ ಕಾರು ಕೊಂಡು, ಮಕ್ಕಳ ಮದುವೆ ಮಾಡಿದ ಮೇಲೂ ರಸ್ತೆಯಲ್ಲಿ ಸಿಕ್ಕಿದರೆ ಮಾವ ಕಿಟಕಿ ಇಳಿಸಿ, ‘ಏನಯ್ಯ ಕ್ಲಚ್ಚು’ ಎಂದೇ ಮಾತನಾಡಿಸುತ್ತಿದ್ದರು. ಕ್ಲಚ್ಚು ಹಲ್ಲು ಕಿರಿದು ನಮಸ್ಕಾರ ಹೊಡೆಯುತ್ತಿತ್ತು. ಜನಕ್ಕೆ ಬೈಸಿಕೊಂಡರೇ ಕಲಿತಂತೆ ಅನ್ನಿಸುತ್ತದೆ. ಇದು ಮನುಷ್ಯಕುಲದ ಒಂದು ದೌರ್ಬಲ್ಯ. ಆ ದೌರ್ಬಲ್ಯದ ಮೇಲೆ ಮಾವ ಎರಡಂತಸ್ತಿನ ಕಟ್ಟಡ ಎಬ್ಬಿಸಿದ್ದರು. ಕೆಳಗೆ ಶಾಲೆ, ಮೇಲೆ ಮನೆ.

ನಾನೂ ಅವರ ಶಿಷ್ಯನೇ. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಬಿಟ್ಟಿ ಪಾಠ ಎಂದು ಕೂರಿಸಿಕೊಂಡರು. ಒಂದು ವಾರ ಸಹಿಸಿದರು, ಅಂದರೆ ಬೈದರು. ಕೊನೆಗೆ ಒಂದು ಬಸ್ ಸ್ಟಾಪಿನ ಮುಂದೆ ಬ್ರೇಕ್ ಒತ್ತಿ, ನನ್ನ ಕಡೆಯ ಬಾಗಿಲನ್ನು ತಾವೇ ಬಾಗಿ ತೆರೆದು ಹೇಳಿದರು:

“ಅಳಿಯಂದ್ರೇ, ಇಳೀರಿ. ನಿಮ್ಗೆ ಬಸ್ಸೇ ಸರಿ. ಅದ್ರಲ್ಲಿ ತಲೆ ಇರೋನು ಇನ್ನೊಬ್ಬ ಇರ್ತಾನೆ.”

ಅಂದಿನಿಂದ ನಾನು ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. ಆದ್ದರಿಂದ ಮಾವನ ಬಗ್ಗೆ ನನಗೆ ಅಪಾರ ಪ್ರೀತಿಯಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರು ನನ್ನನ್ನು ಕೇವಲವಾಗಿ ಕಂಡರು, ನಾನು ಅವರನ್ನು ಕೇವಲವಾಗಿ ಕಂಡೆ. ವ್ಯತ್ಯಾಸವಿಷ್ಟೆ: ಅವರು ಬಾಯಿಬಿಟ್ಟು ಹೇಳುತ್ತಿದ್ದರು, ನಾನು ಅವರ ಮನೆಯ ಕಾಫಿ ಕುಡಿಯುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಇಂಥ ಮನುಷ್ಯನಿಗೆ ಮರೆವು ಶುರುವಾದರೆ ಗೊತ್ತಾಗುವುದಾದರೂ ಹೇಗೆ? ಬೇರೆಯವರ ಮನೆಯಲ್ಲಿ ಮುದುಕರು ಹೇಳಿದ್ದನ್ನೇ ಹೇಳಲು ತೊಡಗಿದರೆ ಮಕ್ಕಳಿಗೆ ಅನುಮಾನ ಬರುತ್ತದೆ. ಮಾವನ ಕಸುಬೇ ಹೇಳಿದ್ದನ್ನೇ ಹೇಳುವುದು. ‘ಕನ್ನಡಿ ನೋಡು, ಸಿಗ್ನಲ್ ಹಾಕು, ಆಮೇಲೆ ತಿರುಗಿಸು’ ಎಂಬುದನ್ನು ಅವರು ಬೆಳಗಿನಿಂದ ಸಂಜೆಯವರೆಗೆ ಹೇಳಿಕೊಂಡೇ ಕೂದಲು ಹಣ್ಣು ಮಾಡಿಕೊಂಡವರು. ಬೇರೆಯವರ ಮನೆಯಲ್ಲಿ ಹೆಸರು ಮರೆತರೆ ಗಾಬರಿಯಾಗುತ್ತಾರೆ. ಮಾವ ಯಾರ ಹೆಸರನ್ನು ನೆನಪಿಟ್ಟುಕೊಂಡಿದ್ದರು, ಮರೆಯಲಿಕ್ಕೆ? ಮಗಳನ್ನು ‘ಏಯ್’ ಎನ್ನುತ್ತಿದ್ದರು, ಮಗನನ್ನು ‘ಇವನೊಬ್ಬ’ ಎನ್ನುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಹೊಳೆಯದಿದ್ದಾಗ, ‘ಇದನ್ನೂ ನಾನೇ ಹೇಳ್ಬೇಕಾ, ನಿಮ್ಗೆಲ್ಲ ತಲೆ ಇರೋದು ಬಾಚ್ಕೊಳ್ಳೋಕಾ’ ಎನ್ನುವರು. ಕೇಳಿದವರು ತೆಪ್ಪಗಾಗುವರು. ಊಟವಾದ ಸ್ವಲ್ಪ ಹೊತ್ತಿಗೆ ಊಟ ಎಲ್ಲಿ ಎಂದು ಗದರಿದರೆ, ಊಟ ಸೇರಲಿಲ್ಲ ಎಂದು ವ್ಯಂಗ್ಯವಾಡುತ್ತಿದ್ದಾರೆ ಅಂದುಕೊಂಡೆವು. ಅತ್ತೆ ಇದ್ದಿದ್ದರೆ ಪತ್ತೆಹಚ್ಚುತ್ತಿದ್ದರೋ ಏನೋ. ಅವರು ಕೆಲವು ವರ್ಷಗಳ ಹಿಂದೆಯೇ ಈ ಬೈಗುಳದಿಂದ ಬಿಡುಗಡೆ ಪಡೆದಿದ್ದರು.

ಮೇಲಿನ ಮನೆಯಲ್ಲಿ ಮಾವನ ಜೊತೆ ಇದ್ದವನು ನನ್ನ ಭಾವಮೈದ, ಹೆಂಡತಿಯ ಅಣ್ಣ. ಮದುವೆಯಾಗಿಲ್ಲ. ತನ್ನ ಮಟ್ಟಕ್ಕೆ ಯಾರೂ ಬರಲಿಲ್ಲ ಎಂಬುದು ಅವನ ವಿವರಣೆ. ಆ ಮಟ್ಟ ಎಲ್ಲಿದೆಯೆಂದು ಯಾರಿಗೂ ಕಂಡಿರಲಿಲ್ಲ. ಶಾಲೆಯ ಆಡಳಿತ ಅವನದು. ಆಡಳಿತವೆಂದರೆ ತಿರುಗುವ ಕುರ್ಚಿಯಲ್ಲಿ ಕೂತು ತಿರುಗುವುದು. ಕಾರಿಗೆ ಪೆಟ್ರೋಲ್ ಹಾಕಿಸುವುದು ಅವನ ಏಕೈಕ ಹೊರಗಿನ ಕೆಲಸ. ಅದನ್ನೂ ಆಗಾಗ ಮರೆಯುತ್ತಿದ್ದ, ಯಾವ ಕಾಯಿಲೆಯ ನೆರವೂ ಇಲ್ಲದೆ. ಪಕ್ಕದ ಸೀಟಿನಲ್ಲಿ ಒಂದು ದಿನವೂ ಕೂತವನಲ್ಲ. ಜನ ಬರುತ್ತಿದ್ದದ್ದು ಅಪ್ಪನ ಹೆಸರಿಗೆ, ಅಪ್ಪನ ಬೈಗುಳಕ್ಕೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಂಡತಿ ಅದೇ ಆಫೀಸಿನಲ್ಲಿ ಫೋನು, ಅರ್ಜಿ, ಟೆಸ್ಟಿನ ದಿನಾಂಕ ಎಲ್ಲ ನೋಡಿಕೊಳ್ಳುತ್ತಿದ್ದಳು. ಅಂದರೆ ಶಾಲೆಯನ್ನು ಅವಳು ನಡೆಸುತ್ತಿದ್ದಳು, ಆಡಳಿತವನ್ನು ಅವನು ನಡೆಸುತ್ತಿದ್ದ.

ಗುಟ್ಟು ಬಯಲಾದದ್ದು ಒಬ್ಬ ಲೈಬ್ರರಿಯಾಕೆಯಿಂದ. ಸರ್ಕಾರಿ ಗ್ರಂಥಾಲಯದಲ್ಲಿ ಕೆಲಸ, ನಡುವಯಸ್ಸು, ಸದ್ದು ಮಾಡಬಾರದು ಎಂಬುದು ಅವರಿಗೆ ವೃತ್ತಿಯಿಂದ ರಕ್ತಕ್ಕಿಳಿದ ಗುಣ. ಮಾವನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ನಿಯಮವೊಂದಿತ್ತು: ‘ಹೇಳದೆ ತಿರುಗಿಸಬಾರದು.’ ಹೇಳುವವರೆಗೆ ನೇರ ಹೋಗುತ್ತಿರಬೇಕು. ಮಧ್ಯೆ ಮಾತಿಲ್ಲ, ಪ್ರಶ್ನೆಯಿಲ್ಲ, ಫೋನಂತೂ ಆಫ್. ಈ ನಿಯಮವನ್ನು ಆಕೆ ಗ್ರಂಥಾಲಯದ ನಿಯಮದಷ್ಟೇ ಭಕ್ತಿಯಿಂದ ಪಾಲಿಸಿದರು.

ಒಂದು ರಜೆಯ ಬೆಳಿಗ್ಗೆ ಅವರಿಬ್ಬರೂ ಹೊರಟವರು ಮಾಮೂಲಿನಂತೆ ನೀರಿನ ಟ್ಯಾಂಕಿನ ಹತ್ತಿರ ತಿರುಗಿ ವಾಪಸ್ ಬರಬೇಕಿತ್ತು. ಟ್ಯಾಂಕ್ ಬಂತು. ಮಾವ ತಿರುಗಿಸು ಅನ್ನಲಿಲ್ಲ. ಆಕೆ ತಿರುಗಿಸಲಿಲ್ಲ. ಗೋದಾಮುಗಳು ಬಂದವು, ರೈಲ್ವೆ ಗೇಟು ಬಂತು, ಊರಿನ ಕೊನೆಯ ಬಡಾವಣೆ ಬಂತು, ಅದೂ ಹೋಯಿತು. ಮಾವ ಮಧ್ಯೆ ಮಧ್ಯೆ ಕನ್ನಡಿ ನೋಡು ಎಂದು ಬೈಯುತ್ತಲೇ ಇದ್ದರಂತೆ. ಪಾಠ ಎಂದಿಗಿಂತ ಉದ್ದವಾಗಿದೆ, ತಾನು ಹೆದ್ದಾರಿಗೆ ಲಾಯಕ್ಕಾದೆ ಎಂದು ಆಕೆ ಒಳಗೊಳಗೇ ಹಿಗ್ಗಿದರಂತೆ. ಹೀಗೆ ಒಬ್ಬರಿಗೆ ದಾರಿ ಗೊತ್ತಿಲ್ಲದೆ, ಇನ್ನೊಬ್ಬರಿಗೆ ಕೇಳುವ ಧೈರ್ಯವಿಲ್ಲದೆ, ಇಬ್ಬರೂ ನೇರ ಹೋಗುತ್ತ ಹೋಗುತ್ತ ಪಕ್ಕದ ಊರನ್ನೂ ದಾಟಿದರು. ಕೊನೆಗೆ ನಿಯಮ ಮುರಿದದ್ದು ಪೆಟ್ರೋಲು. ಅದು ಮುಗಿಯಿತು.

ಆಗ ಆಕೆ ಫೋನ್ ಮಾಡಿದರು. ಮಾತು ತೀರ ಮೆಲ್ಲಗಿತ್ತು ಎಂದು ನನ್ನ ಹೆಂಡತಿ ಹೇಳಿದಳು: ಮೇಷ್ಟ್ರು ತಿರುಗಿಸು ಅಂತ ಇನ್ನೂ ಹೇಳಿಲ್ಲ, ಏನು ಮಾಡಲಿ ಎಂದು ಕೇಳಿದರಂತೆ.

ಡಬ್ಬದಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಭಾವಮೈದ, ಹೆಂಡತಿ, ನಾನು ಹೋದೆವು. ನಾನು ಯಾಕೆ ಹೋದೆನೆಂದು ಯಾರೂ ಕೇಳಲಿಲ್ಲ. ಡಬ್ಬ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ರಸ್ತೆ ಬದಿಯಲ್ಲಿ ಕಾರು ನಿಂತಿತ್ತು. ಆಕೆ ಇನ್ನೂ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದೇ ಕೂತಿದ್ದರು. ಭಾವಮೈದ ಕಿಟಕಿಯ ಹತ್ತಿರ ಹೋಗಿ ಬಗ್ಗಿದ. ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಾರಪ್ಪ ನೀನು, ಮೆಕ್ಯಾನಿಕ್ಕಾ?”

ಭಾವಮೈದ ನಮ್ಮ ಕಡೆ ತಿರುಗಿ ನಕ್ಕ. ಪೆಟ್ರೋಲ್ ಹಾಕಿಸಿರಲಿಲ್ಲವಲ್ಲ, ಅದಕ್ಕೆ ಚುಚ್ಚುತ್ತಿದ್ದಾರೆ ನೋಡಿ ಎಂದ. ನನಗೂ ಹಾಗೇ ಅನ್ನಿಸಿತು; ಇನ್ನೂ ಹೇಳಬೇಕೆಂದರೆ, ಮೆಕ್ಯಾನಿಕ್ ಅಂದದ್ದು ಅವನ ಯೋಗ್ಯತೆಗೆ ಮೀರಿದ ಮರ್ಯಾದೆಯಾಯಿತು ಅನ್ನಿಸಿತು. ಆದರೆ ಹೆಂಡತಿ ನಗಲಿಲ್ಲ. ಅವಳು ಅಪ್ಪನ ಕೈ ನೋಡುತ್ತಿದ್ದಳು. ಮಾವ ಎರಡೂ ಕೈಯಿಂದ ಸೀಟ್ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಬಸ್ಸಿನಲ್ಲಿ ಮೊದಲ ಸಲ ಒಬ್ಬರೇ ಹೊರಟವರ ಹಾಗೆ. ಬಾಯಿ ಬೈಯುತ್ತಿತ್ತು, ಕೈ ಹೆದರಿತ್ತು.

ಮನೆಗೆ ಬಂದ ಮೇಲೆ ಅವಳು ಅಣ್ಣನಿಗೆ ನೇರವಾಗಿ ಹೇಳಿದಳು. ಅಪ್ಪನಿಗೆ ದಾರಿ ಮರೆತಿದೆ, ನೀನು ಯಾರೆಂದೂ ಮರೆತಿದೆ, ಡಾಕ್ಟರಿಗೆ ತೋರಿಸಬೇಕು, ಅಲ್ಲಿಯವರೆಗೆ ಆ ಸೀಟಿನಲ್ಲಿ ಕೂರಿಸಬಾರದು. ಕಲಿಯುವವರ ಜೀವ ಅಪ್ಪನ ಕಾಲಿನ ಮೇಲಿದೆ, ಅಪ್ಪನ ಜೀವವೂ ಅಷ್ಟೆ.

ಭಾವಮೈದ ಇದಕ್ಕೆ ಆಡಳಿತಾತ್ಮಕ ಪರಿಹಾರ ಕಂಡುಹಿಡಿದ. ಅಪ್ಪನನ್ನು ಆಫೀಸಿನ ಗೋಡೆಯ ಮುಂದೆ ನಿಲ್ಲಿಸಿದ. ಅಲ್ಲಿ ರಸ್ತೆ ಚಿಹ್ನೆಗಳ ದೊಡ್ಡ ಪಟವಿದೆ. ಕಡ್ಡಿ ಹಿಡಿದು ಒಂದೊಂದನ್ನೇ ತೋರಿಸುತ್ತ ಹೋದ. ಮಾವ ಒಂದನ್ನೂ ತಪ್ಪಲಿಲ್ಲ. ಕಡಿದಾದ ಇಳಿಜಾರು, ಕಾವಲಿಲ್ಲದ ರೈಲ್ವೆ ಗೇಟು, ಬಂಡೆ ಉರುಳುವ ಜಾಗ, ಎಲ್ಲ ಸರಸರನೆ ಹೇಳಿದರು. ಹೇಳಿ, ಇಷ್ಟೂ ಗೊತ್ತಿಲ್ಲದವನನ್ನು ಯಾರು ಒಳಗೆ ಬಿಟ್ಟರು ಎಂದು ಮಗನನ್ನೇ ಕೇಳಿದರು. ಭಾವಮೈದ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟ ರೀತಿ ನೋಡಬೇಕಿತ್ತು, ಯುದ್ಧ ಗೆದ್ದು ಕತ್ತಿ ಒರೆಗೆ ಸೇರಿಸಿದ ಹಾಗೆ. ಇವರಿಗೆ ಮರೆವಂತೆ, ನಮಗೆಲ್ಲ ಇವರಷ್ಟು ನೆನಪಿದ್ದರೆ ಸಾಕು ಎಂದ.

ಇಡೀ ಸಂಸಾರದ ತಪ್ಪು ಇದೇ. ನಮಗೆ ಪರೀಕ್ಷೆ ಮಾಡಲು ಗೊತ್ತಿದ್ದದ್ದು ಆ ಒಂದೇ ಪಟ. ಅವರು ಯೌವನದಿಂದ ಇನ್ನೊಬ್ಬರ ತಲೆಗೆ ತುಂಬುತ್ತ ಬಂದ ಪಾಠವನ್ನೇ ಅವರಿಗೆ ಕೇಳಿ, ಅವರು ಒಪ್ಪಿಸಿದ್ದನ್ನು ಕೇಳಿ, ನಾವೇ ಪಾಸಾದವರ ಹಾಗೆ ಬೀಗಿದೆವು. ಬೆಳಿಗ್ಗೆ ಏನು ತಿಂದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು, ನಾವು ಅದನ್ನೇ ಉತ್ತರವೆಂದು ತಿಳಿಯುತ್ತಿದ್ದೆವು.

ನಾನೇನು ಕಡಿಮೆ ದಡ್ಡನಲ್ಲ. ಮರೆವಿನ ಬಗ್ಗೆ ಎಲ್ಲೋ ಓದಿ, ಮಿದುಳಿಗೆ ಕಸರತ್ತು ಬೇಕೆಂದು ತಿಳಿದು, ಮಾವನಿಗೆ ಚೂರು ಜೋಡಿಸಿ ಚಿತ್ರ ಮಾಡುವ ಆಟವೊಂದನ್ನು ತಂದುಕೊಟ್ಟೆ. ಅವರು ಕೂಡದ ಚೂರನ್ನು ಮುಷ್ಟಿಯಿಂದ ಗುದ್ದಿ ಕೂರಿಸಿ, ಫ್ಯಾಕ್ಟರಿಯಲ್ಲೇ ತಪ್ಪಾಗಿದೆ ಎಂದರು. ಆಮೇಲೆ ಅವರ ಜೊತೆ ನಿಧಾನವಾಗಿ, ಜೋರಾಗಿ, ಬಿಡಿಬಿಡಿಯಾಗಿ ಮಾತನಾಡಲು ಶುರುಮಾಡಿದೆ. ಮಾವ ಎರಡು ದಿನ ಸಹಿಸಿ, ಮಗಳನ್ನು ಪಕ್ಕಕ್ಕೆ ಕರೆದು, ‘ಪಾಪ, ಇವ್ರಿಗೆ ಕಿವಿ ಯಾವಾಗ ಹೋಯ್ತು’ ಎಂದು ವಿಚಾರಿಸಿದರು. ಕಟ್ಟಡದ ಎದುರು ಪೇಪರ್ ಮಾರುವವನು ಬೆಳಿಗ್ಗೆ ಎದ್ದ ಕೂಡಲೆ ಮಗ್ಗಿ ಹೇಳಿಸಿ ಎಂದ. ‘ಕ್ಲಚ್ಚು’ ವಕೀಲ ಬಂದು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕಾಫಿ ಕುಡಿದು ಹೋದ. ಸಲಹೆ ಕೊಡುವವರಿಗೆ ಒಂದು ಅನುಕೂಲವಿದೆ, ಅವರು ಸಂಜೆ ಮನೆಗೆ ಹೋಗಬಹುದು.

ಅಂತೂ ಹೆಂಡತಿ ಹಟ ಹಿಡಿದು ಡಾಕ್ಟರಿಗೆ ತೋರಿಸಿದಳು. ಆಸ್ಪತ್ರೆಯ ಮುಂದೆ ಡಾಕ್ಟರ ಕಾರು ವಕ್ರವಾಗಿ ನಿಂತದ್ದನ್ನು ನೋಡಿಯೇ ಮಾವ ಅವರನ್ನು ಅಳೆದುಬಿಟ್ಟಿದ್ದರು. ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವತ್ತು ಯಾವ ವಾರ ಎಂದು ಆಕೆ ಕೇಳಿದರು. ಗೋಡೆಗೊಂದು ಕ್ಯಾಲೆಂಡರ್ ಹಾಕಲಾಗದ ಬಡ ಆಸ್ಪತ್ರೆಯಾ ಇದು ಎಂದು ಮಾವ ಕೇಳಿದರು. ಬೆಳಿಗ್ಗೆ ಏನು ತಿಂದಿರಿ ಎಂದರು ಡಾಕ್ಟರ್. ಅದು ನಿಮಗೇಕೆ, ನೀವು ಅಡುಗೆ ಮಾಡಿದ್ದಾ ಎಂದರು ಮಾವ. ಭಾವಮೈದ ನನ್ನ ಕಿವಿಯಲ್ಲಿ, ಎಷ್ಟು ಚುರುಕು ನೋಡಿ ಭಾವ, ಎಂದ. ಆಮೇಲೆ ಡಾಕ್ಟರ್ ಬಿಳಿ ಹಾಳೆ ಕೊಟ್ಟು ಗಡಿಯಾರ ಬರೆಯಿರಿ, ಅದರಲ್ಲಿ ಐದು ಗಂಟೆ ತೋರಿಸಿ ಎಂದರು. ಮಾವ ಅಚ್ಚುಕಟ್ಟಾಗಿ ವೃತ್ತ ಎಳೆದರು. ಅಂಕಿ ಬರೆಯಲಿಲ್ಲ. ವೃತ್ತದ ಎಡಕ್ಕೊಂದು, ಬಲಕ್ಕೊಂದು, ಸ್ವಲ್ಪ ಮೇಲಕ್ಕೆ, ಎರಡು ಗುರುತು ಹಾಕಿದರು. ಸ್ಟೇರಿಂಗ್ ಮೇಲೆ ಕೈ ಎಲ್ಲಿರಬೇಕು ಎಂದು ಹೊಸಬರಿಗೆ ತೋರಿಸುವ ಚಿತ್ರ ಅದು. ಪೆನ್ನನ್ನು ಕೆಳಗಿಟ್ಟು, ಹಿಡಿತ ಸಡಿಲ ಬಿಡಬೇಡಿ ಎಂದು ಡಾಕ್ಟರಿಗೆ ಬುದ್ಧಿ ಹೇಳಿದರು.

ರಕ್ತ ಪರೀಕ್ಷೆಯಾಯಿತು, ತಲೆಯ ಫೋಟೋ ಆಯಿತು. ಬೇರೆ ಕಾರಣವೇನಾದರೂ ಇದೆಯೇ ಎಂದು ನೋಡಿದರು, ಸಿಗಲಿಲ್ಲ. ಡಾಕ್ಟರ್ ನಮ್ಮನ್ನು ಹೊರಗೆ ಕೂರಿಸಿಕೊಂಡು ವಿವರಿಸಿದರು. ಇದು ಬರೀ ವಯಸ್ಸಲ್ಲ, ಮಿದುಳಿನ ಕಾಯಿಲೆ. ಬಹಳ ಕಾಲದಿಂದ ರೂಢಿಯಾದದ್ದು ಆಳದಲ್ಲಿರುತ್ತದೆ, ಕೊನೆಗೆ ಹೋಗುತ್ತದೆ. ಇವತ್ತಿನದು, ನಿನ್ನೆಯದು ಅಂಟುವುದೇ ಇಲ್ಲ. ಮಾತ್ರೆ ಕೊಡಬಹುದು, ಸ್ವಲ್ಪ ನಿಧಾನವಾಗಬಹುದು, ಹೋದದ್ದು ವಾಪಸ್ ಬರುವುದಿಲ್ಲ. ಪದೇ ಪದೇ ಪರೀಕ್ಷೆ ಮಾಡಬೇಡಿ, ವಾದ ಮಾಡಬೇಡಿ, ಅವರಿರುವ ಕಡೆಗೆ ನೀವೇ ಹೋಗಿ. ಭಾವಮೈದ ಬಿಡಲಿಲ್ಲ. ಕಾಯಿಲೆಯವರು ಇಷ್ಟು ಚೆನ್ನಾಗಿ ಬೈಯುತ್ತಾರಾ ಎಂದು ಕೇಳಿದ.

“ಬೈಯೋದು ಕಾಯಿಲೆ ಅಲ್ಲ, ಅದು ಅವರ ಸ್ವಭಾವ ಅಂತ ಕಾಣುತ್ತೆ,” ಎಂದರು ಡಾಕ್ಟರ್. “ಗೊತ್ತಾಗ್ತಿಲ್ಲ ಅನ್ನೋದನ್ನ ಅದರ ಹಿಂದೆ ಮುಚ್ಚಿಡ್ತಿದಾರೆ. ಅವರಿಗೂ ಭಯ ಆಗ್ತಿದೆ. ಮೊದಲು ಆ ಸೀಟಿಂದ ಎಬ್ಬಿಸಿ.”

ಎಬ್ಬಿಸಲಿಲ್ಲ. ಭಾವಮೈದ ಮಾತ್ರೆ ತಂದ, ಸೀಟು ಬಿಡಿಸಲಿಲ್ಲ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಗೊತ್ತಾದರೆ ಒಂದು ನರಪಿಳ್ಳೆಯೂ ಇತ್ತ ಸುಳಿಯುವುದಿಲ್ಲ ಎಂಬುದು ಅವನ ಒಳಗಿನ ಚಿಂತೆ. ಹೊರಗೆ ಅದಕ್ಕೊಂದು ಸಿದ್ಧಾಂತ ಹೊಲಿದುಕೊಂಡ. ರೂಢಿಯಾದದ್ದು ಕೊನೆಗೆ ಹೋಗುತ್ತದೆ ಎಂದು ಡಾಕ್ಟರೇ ಹೇಳಲಿಲ್ಲವೇ? ಬ್ರೇಕ್ ಒತ್ತುವುದು ತಲೆಯಲ್ಲ, ಕಾಲು. ತಲೆ ಮರೆತರೂ ಕಾಲು ಮರೆಯುವುದಿಲ್ಲ. ದಾರಿ ತಪ್ಪದಂತೆ ಪಾಠವನ್ನು ಕಟ್ಟಡದ ಸುತ್ತಲಿನ ಬೀದಿಗಳಿಗೆ ಸೀಮಿತಗೊಳಿಸಿದರಾಯಿತು. ಹೆಂಡತಿ ಕಾರಿನ ಕೀಲಿ ಬಚ್ಚಿಟ್ಟಳು. ಅವನು ಇನ್ನೊಂದು ಮಾಡಿಸಿದ. ಅವಳ ಮಾತಿಗೆ ಅವನು ಕೊಡುತ್ತಿದ್ದ ಬೆಲೆ ಅಷ್ಟೇ. ಹೊಸ ಕೀಲಿ ಕೆತ್ತಿಸಲು ಬೇಕಾದ ಬುದ್ಧಿ ಮಾತ್ರ ಅವನಲ್ಲಿ ತುಂಬಿ ತುಳುಕುತ್ತಿತ್ತು.

ಲೈಬ್ರರಿಯಾಕೆ ಮತ್ತೆ ಪಾಠಕ್ಕೆ ಬಂದ ದಿನ ಮಾತು ಕೊನೆ ಮುಟ್ಟಿತು. ಆಕೆಯ ಬದಲು ಸ್ಟೇರಿಂಗ್ ಹಿಂದೆ ತಾನು ಕೂರುತ್ತೇನೆ ಎಂದಳು ನನ್ನ ಹೆಂಡತಿ. ಊರಾಚೆ ಪಾಠದ ಮೈದಾನದಲ್ಲಿ ಹಳೆ ಟೈರು ಪೇರಿಸಿದ ಗೋಡೆಯಿದೆ, ಹಿಂದಕ್ಕೆ ಹೋಗುವುದನ್ನು ಕಲಿಸಲು. ಅದರ ಕಡೆಗೆ ಮೆಲ್ಲಗೆ ಕಾರು ಬಿಡುತ್ತೇನೆ, ಬ್ರೇಕ್ ಒತ್ತುವುದಿಲ್ಲ ಎಂದಳು.

“ಅಪ್ಪ ಒತ್ತಿದ್ರೆ ನಾನು ಇನ್ನೊಂದ್ಸಲ ಡಾಕ್ಟರ ಹೆಸರು ಎತ್ತಲ್ಲ ಅಣ್ಣ. ಒತ್ತದೆ ಹೋದ್ರೆ ಇವತ್ತಿಂದ ಆ ಸೀಟು ನಿಂದು.”

ಅವನು ಒಪ್ಪಿಕೊಂಡ. ಒಪ್ಪುವಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಷ್ಟು ಖಾತ್ರಿ.

ನಾನೂ ಅವನೂ ಹಿಂದೆ ಕೂತೆವು. ಮುಂದೆ ಅಪ್ಪ, ಮಗಳು. ಮಾವ ಎಷ್ಟೋ ದಿನದ ಮೇಲೆ ಹುರುಪಿನಲ್ಲಿದ್ದರು. ಮಗಳ ಗೇರು, ಮಗಳ ಕೂರುವ ಭಂಗಿ, ಮಗಳ ಚಪ್ಪಲಿ ಎಲ್ಲದಕ್ಕೂ ಒಂದೊಂದು ಬೈಗುಳ ಹಂಚಿದರು. ಮೈದಾನ ಖಾಲಿಯಿತ್ತು. ಅವಳು ಕಾರನ್ನು ಸೈಕಲ್ ವೇಗದಲ್ಲಿ ಟೈರಿನ ಗೋಡೆಯ ಕಡೆಗೆ ಬಿಟ್ಟಳು. ಗೋಡೆ ಹತ್ತಿರ ಬಂತು. ಮಾವ ಅದನ್ನು ನೋಡಿದರು, ಚೆನ್ನಾಗಿಯೇ ನೋಡಿದರು. ರಸ್ತೆ ಮಧ್ಯೆ ಟೈರ್ ಪೇರಿಸಿದವನು ಯಾವ ಪ್ರಾಣಿ ಎಂದೂ ಕೇಳಿದರು. ಇನ್ನೂ ಹತ್ತಿರ ಬಂತು. ನಾನು ಮುಂದಿನ ಸೀಟುಗಳ ನಡುವಿನ ಸಂದಿಯಿಂದ ಅವರ ಕಾಲನ್ನೇ ನೋಡುತ್ತಿದ್ದೆ. ಕಾಲು ಎದ್ದಿತು. ಭಾವಮೈದ ಉಸಿರು ಬಿಟ್ಟದ್ದು ಕೇಳಿಸಿತು. ಕಾಲು ನಿಧಾನವಾಗಿ, ನಾಜೂಕಾಗಿ, ಯಾವ ಶಿಷ್ಯನೂ ಕಲಿಯಲಾರದಷ್ಟು ಚೆಂದವಾಗಿ ಕೆಳಗೆ ಒತ್ತಿತು. ಆದರೆ ಒತ್ತಿದ್ದು ಕ್ಲಚ್ಚನ್ನು. ಎದ್ದದ್ದು ಎಡಗಾಲು, ಊರನ್ನು ಕಾಪಾಡಿದ ಬಲಗಾಲು ಮ್ಯಾಟಿನ ಮೇಲೆ ಹಾಯಾಗಿತ್ತು. ಎಂಜಿನ್ನಿನ ಹಿಡಿತ ತಪ್ಪಿದ ಕಾರು ಇನ್ನೂ ಸಲೀಸಾಗಿ ಉರುಳಿತು.

“ಅಪ್ಪಾ, ಬ್ರೇಕು,” ಎಂದ ಭಾವಮೈದ. ಕೂಗಲೂ ಆಗಲಿಲ್ಲ ಅವನಿಗೆ.

ಹೆಂಡತಿಯೇ ಕೊನೆಯ ಗಳಿಗೆಯಲ್ಲಿ ತನ್ನ ಬ್ರೇಕ್ ಒತ್ತಿದಳು. ಆದರೂ ಧಡ್ ಎಂದು ತಗುಲಿ, ಮೇಲಿನ ಟೈರುಗಳು ಬಾನೆಟ್ಟಿನ ಮೇಲೆ ಉರುಳಿಬಿದ್ದವು. ಕಾಲಿಗೆ ಒತ್ತುವುದು ನೆನಪಿತ್ತು. ಯಾವುದನ್ನು, ಯಾವಾಗ ಎಂದು ಹೇಳಬೇಕಾದವರು ಮೇಲೆ ಇರಲಿಲ್ಲ.

ಮಾವ ಬೆಲ್ಟು ಸರಿಮಾಡಿಕೊಂಡು ಮಗಳ ಕಡೆ ತಿರುಗಿದರು.

“ಯಾರಮ್ಮ ನಿಂಗೆ ಕಲಿಸಿದ್ದು? ಮೊದ್ಲು ಹೋಗಿ ದುಡ್ಡು ವಾಪಸ್ ಇಸ್ಕೊ.”

“ಒಳ್ಳೆ ಮೇಷ್ಟ್ರೇ ಕಲಿಸಿದ್ರು,” ಎಂದಳು ಅವಳು. ಎಂಜಿನ್ ಆರಿಸಿದಳು. “ನಾನೇ ದಡ್ಡಿ.”

“ಅದು ಮುಖ ನೋಡಿದ್ರೇ ಗೊತ್ತಾಗುತ್ತೆ.”

ಭಾವಮೈದ ಇಳಿದ. ಒಂದೊಂದೇ ಟೈರನ್ನು ಎತ್ತಿ ಗೋಡೆಗೆ ವಾಪಸ್ ಪೇರಿಸತೊಡಗಿದ, ನಮ್ಮ ಕಡೆ ಬೆನ್ನು ಮಾಡಿಕೊಂಡು. ಅವನು ಮೈ ಬಗ್ಗಿಸಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂದೇ. ಎಲ್ಲ ಪೇರಿಸಿದ ಮೇಲೂ ಒಂದು ಟೈರನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ. ಅವನನ್ನು ಹೀಯಾಳಿಸಲು ನನ್ನ ಹತ್ತಿರ ಒಳ್ಳೊಳ್ಳೆಯ ಮಾತುಗಳು ಸಿದ್ಧವಾಗಿದ್ದವು. ಆಡಲಿಲ್ಲ. ಇಳಿದು ಹೋಗಿ ಬಾನೆಟ್ಟಿನ ಮೇಲಿನ ಧೂಳು ಒರೆಸಿದೆ.

ಈಗ ಮಾವನನ್ನು ಸೀಟಿನಿಂದ ಎಬ್ಬಿಸಬೇಕು. ಭಾವಮೈದ ಬಾಗಿಲು ತೆರೆದು, ನಿಮಗೆ ಮರೆವಿದೆ, ಡಾಕ್ಟರ್ ಬೇಡ ಅಂದಿದ್ದಾರೆ ಎಂದು ನ್ಯಾಯ ಹೇಳಲು ಹೋದ. ಮಾವನ ಎರಡೂ ಕೈ ಬೆಲ್ಟಿಗೆ ಹೋದವು. ತಮ್ಮ ಸೀಟಿನಿಂದ ತಮ್ಮನ್ನು ಎಬ್ಬಿಸಲು ನೀನ್ಯಾರು ಎಂದರು. ಈ ಸಲ ಅದು ಬೈಗುಳವಾಗಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. ನಾನು ನನ್ನ ಜೋರು ದನಿಯಲ್ಲಿ ಬಿಡಿಬಿಡಿಯಾಗಿ ಇಳಿಯಿರಿ ಎಂದೆ. ಅದರಿಂದ ಇನ್ನಷ್ಟು ಬಿಗಿಯಾದರು. ಒಬ್ಬ ಮುದುಕನ ಮುಂದೆ ಇಬ್ಬರು ಗಂಡಸರು, ಇಬ್ಬರ ತಲೆ ಸೇರಿದರೂ ಅರ್ಧ ಉಪಾಯವಿಲ್ಲ.

ಹೆಂಡತಿ ಆ ಕಡೆಯಿಂದ ಸುತ್ತಿ ಬಂದು ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿದಳು. ಲೈಸೆನ್ಸ್ ಟೆಸ್ಟಿನ ದಿನ ಇನ್‌ಸ್ಪೆಕ್ಟರ್ ಹಿಂದಿನ ಸೀಟಿನಲ್ಲಿ ಕೂತು ಗಮನಿಸುವುದು ನಮ್ಮಲ್ಲಿನ ಪದ್ಧತಿ. ಮಾವನ ಕಣ್ಣಿಗೆ ಜಗತ್ತಿನಲ್ಲಿ ತಮಗಿಂತ ಮೇಲಿನ ಕುರ್ಚಿ ಅದೊಂದೇ.

“ಸಾರ್, ಇವ್ರು ಹೊಸದಾಗಿ ಕಲಿಸೋಕೆ ಬಂದಿದಾರೆ,” ಎಂದು ಅಣ್ಣನನ್ನು ತೋರಿಸಿದಳು. “ಇವ್ರು ಲಾಯಕ್ಕಾ ಇಲ್ವಾ ಅಂತ ನೀವೇ ಹಿಂದೆ ಕೂತು ನೋಡ್ಬೇಕು.”

ಮಾವ ಮಗನನ್ನು ನೋಡಿದರು. ಆ ನೋಟದಲ್ಲಿ ಫಲಿತಾಂಶ ಆಗಲೇ ಇತ್ತು. ಆದರೂ ಇಂಥವರನ್ನು ಪರೀಕ್ಷೆ ಮಾಡದೆ ಬಿಟ್ಟರೆ ಊರಿಗೇ ಕೇಡು ಎನ್ನುತ್ತ, ಬೆಲ್ಟು ಬಿಚ್ಚಿ, ತಾವೇ ಇಳಿದು, ಹಿಂದಿನ ಬಾಗಿಲನ್ನು ಯಾರಾದರೂ ತೆರೆಯಲಿ ಎಂದು ಕಾದು ನಿಂತರು. ನಾನು ತೆರೆದೆ. ನನ್ನ ಪಕ್ಕದಲ್ಲೇ ಕೂತರು, ಕೈ ಕಟ್ಟಿಕೊಂಡು.

ಭಾವಮೈದ ಮೊದಲ ಬಾರಿಗೆ ಪಕ್ಕದ ಸೀಟಿಗೆ ಹತ್ತಿದ. ಕೂತು, ಕಾಲಿನಿಂದ ಬ್ರೇಕ್ ಎಲ್ಲಿದೆ ಎಂದು ತಡವಿದ. ಹೆಂಡತಿ ಕಾರನ್ನು ಮೈದಾನದ ಸುತ್ತ ಒಂದು ಸುತ್ತು ತಂದಳು. ಅವನು ಒಂದು ಕಡೆ ಕನ್ನಡಿ ನೋಡು ಎಂದ, ತಿರುಗಿಯಾದ ಮೇಲೆ. ಇನ್ನೊಂದು ಕಡೆ ಸುಮ್ಮಸುಮ್ಮನೆ ಬ್ರೇಕ್ ಒತ್ತಿ ನಮ್ಮ ನಾಲ್ವರ ಹಣೆಯನ್ನೂ ಮುಂದಕ್ಕೆ ಬಾಗಿಸಿದ. ಕಾರು ನಿಂತಿತು. ಹಿಂದಿನಿಂದ ತೀರ್ಪು ಬಂತು.

“ಫೇಲು.”

ಭಾವಮೈದ ಹಿಂದೆ ತಿರುಗಲಿಲ್ಲ. ಎದುರಿನ ಗಾಜನ್ನೇ ನೋಡುತ್ತ ಹೇಳಿದ:

“ನಾಳೆ ಮತ್ತೆ ಬರ್ತೀನಿ ಸಾರ್.”

“ಬಾ,” ಎಂದರು ಮಾವ. “ನಾಳೇನೂ ಫೇಲ್ ಮಾಡ್ತೀನಿ.”